ಮೌಲಾಸಾಬನ ಎಡಹೆಜ್ಜೆ

ಗಿರಣಿಯ ಕಲ್ಲು ಕಾದಾಗ ಜೋಳದ ಹಿಟ್ಟಿನಿಂದ ಒಂದು ವಾಸನೆ ಏಳುತ್ತದೆ. ಕಾಳಿನ ವಾಸನೆಯನ್ನು ದಾಟಿ ಬಂದು, ರೊಟ್ಟಿಯ ವಾಸನೆಯನ್ನು ಇನ್ನೂ ಮುಟ್ಟದೆ ನಿಂತ ವಾಸನೆ ಅದು. ಕೆಲವು ವರ್ಷ ಬೀಗ ಹಾಕಿದ್ದ ನಮ್ಮ ಗಿರಣಿಯನ್ನು ಹೋದ ತಿಂಗಳು ಮಗ ಮತ್ತೆ ಚಾಲೂ ಮಾಡಿದ. ಮೊದಲ ಹಿಟ್ಟು ಬಿದ್ದು ಆ ವಾಸನೆ ಎದ್ದ ಕೂಡಲೇ ನನಗೆ ನೆನಪಾದದ್ದು ಗಿರಣಿಯ ನೆಲ. ಎಂಬತ್ತೆಂಟರ ಮಳೆಗಾಲದಲ್ಲಿ ಆ ನೆಲದ ಮೇಲೆ ತೆಳ್ಳಗೆ ಕೂತಿದ್ದ ಹಿಟ್ಟಿನ ದೂಳು, ದೂಳಿನಲ್ಲಿ ಮೂಡಿದ್ದ ಬರಿಗಾಲಿನ ಗುರುತುಗಳು, ಅವುಗಳ ಮುಂದೆ ಕಂದೀಲು ಹಿಡಿದು ಮಂಡಿಯೂರಿದ್ದ ವಸುಧಾ ಎಂಬ ಹೆಣ್ಣುಮಗಳು.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಇತ್ತೀಚೆಗೆ ಸಂಶಿಯಲ್ಲಿ ನಮ್ಮ ಹೆಜ್ಜೆಮೇಳಕ್ಕೆ ಸನ್ಮಾನವಾಯಿತು. ಭಾಷಣಕ್ಕೆ ಬಂದಿದ್ದ ಮಹನೀಯರು, ಮೈಸೂರಿನ ಕಡೆಯಿಂದ ಬಂದ ನೃತ್ಯ ಕಲಾವಿದೆಯೊಬ್ಬರು ಈ ಹಳ್ಳಿಗರಿಗೆ ಹೆಜ್ಜೆ ಕಲಿಸಿದರೆಂದೂ, ನಡೆಯಲಾರದವನೊಬ್ಬನನ್ನು ಕುಣಿಯುವಂತೆ ಮಾಡಿದರೆಂದೂ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಎರಡೂ ಮಾತು ಸುಳ್ಳು. ನಾನು ಎದ್ದು ನಿಂತು ಹಾಗೆಂದು ಹೇಳುವಷ್ಟರಲ್ಲಿ ವಂದನಾರ್ಪಣೆ ಮುಗಿದು ಜನ ಉಪ್ಪಿಟ್ಟಿನ ಕಡೆ ಹೊರಟಿದ್ದರು. ಆ ಹೆಣ್ಣುಮಗಳು ನಮಗೆ ಒಂದೇ ಒಂದು ಹೆಜ್ಜೆಯನ್ನೂ ಕಲಿಸಲಿಲ್ಲ. ಆಕೆ ಮಾಡಿದ್ದು ಕಲಿಸುವುದಕ್ಕಿಂತ ಕಠಿಣವಾದ ಕೆಲಸ.

ಸಂಶಿಯಲ್ಲಿ ಬಸ್ಸಿಳಿದು ಕರಿಮಣ್ಣಿನ ಎರಿಹೊಲಗಳ ನಡುವೆ ನಡೆದು ಬರಬೇಕಾದ ಊರು ನಮ್ಮದು. ಮೇಳ ಹಳೆಯದು. ಗಂಡಸರು ಕಾಲಿಗೆ ಗೆಜ್ಜೆ ಕಟ್ಟಿ, ಪದ ಹಾಡುತ್ತ, ಸುತ್ತುಗಟ್ಟಿ ಹೆಜ್ಜೆ ಹಾಕುತ್ತಾರೆ. ಮೊಹರಮ್ಮಿನಲ್ಲಿ ಕೋಲಿನ ಮೇಲೆ ಕೂತ ಹಸ್ತದಾಕಾರದ ಪಂಜಾಗಳ ಮುಂದೆ, ಶ್ರಾವಣದ ಸೋಮವಾರಗಳಲ್ಲಿ ಮಠದ ಅಂಗಳದಲ್ಲಿ. ಮೇಳ ಒಂದೇ, ಕಾಲುಗಳೂ ಅವೇ. ಕಟ್ಟಿದವನು ಮೌಲಾಸಾಬ. ನಾನು ಬುದ್ಧಿ ಬಲಿಯುವ ಮೊದಲೇ ಆತ ತೀರಿಕೊಂಡಿದ್ದ. ಆತನ ಪಟ್ಟಶಿಷ್ಯ ಬಸಲಿಂಗಪ್ಪ ಕಾಕಾ ಆಗ ಮೇಳದ ಹಿರಿಯರು. ಅರವತ್ತು ದಾಟಿದ್ದರೂ ಸುತ್ತಿನ ಮುಂದೆ ನಿಂತು ಹಾಕುವ ಮುಂದಿನ ಹೆಜ್ಜೆ ಅವರದೇ.

ನಮ್ಮ ಮೇಳವನ್ನು ಬೇರೆ ಊರಿನವರು ಗುರುತಿಸುತ್ತಿದ್ದುದು ಎಡಗಾಲಿನಿಂದ. ಬಲಗಾಲನ್ನು ಎರಡು ಸಲ ಬಲವಾಗಿ ಊರಿ, ಎಡಗಾಲನ್ನು ಮಾತ್ರ ಹಿಮ್ಮಡಿ ನೆಲಕ್ಕೆ ತಾಗಿಸದೆ, ಮುಂಗಾಲಿನ ಮೇಲೆ ಸರ್ರನೆ ಎಳೆದು ತರಬೇಕು. ಇದಕ್ಕೆ ಮೌಲಾಸಾಬನ ಹೆಜ್ಜೆ ಎಂದೇ ಹೆಸರು. ಯಾಕೆ ಹೀಗೆ ಎಂದು ಕೇಳಿದರೆ ಕಾಕಾ ಮೊಹರಮ್ಮಿನಲ್ಲಿ, ಅದು ಶಹೀದರಿಗಾಗಿ ಪಟ್ಟ ದುಃಖ ಎನ್ನುತ್ತಿದ್ದರು. ಶ್ರಾವಣದಲ್ಲಿ, ದೇವರ ಎದುರು ಪೂರ್ತಿ ಕಾಲೂರಬಾರದು, ಅದು ವಿನಯ ಎನ್ನುತ್ತಿದ್ದರು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆಮೇಲೆ ಓದಿದ್ದೆಲ್ಲ ಗಿರಣಿಯ ಹಣದ ಗಲ್ಲೆಯ ಹಿಂದೆ ಕೂತು, ಕೈಗೆ ಸಿಕ್ಕದ್ದನ್ನು. ಒಂದೇ ಕಾಲು ಎರಡು ಕಡೆ ಎರಡು ಸಾಕ್ಷಿ ಹೇಳಿದರೆ ಯಾವುದನ್ನು ನಂಬಬೇಕು ಎಂದು ಒಮ್ಮೆ ಕೇಳಿದ್ದೆ.

“ನೀ ತಾಳಾ ಬಾರಸಂವ, ತಾಳಾ ಬಾರಸು,” ಎಂದರು ಕಾಕಾ. “ಕಾಲಿನ ಮಾತು ಕಾಲಿದ್ದವರಿಗೆ ಬಿಡು.”

ನನಗೆ ಕಾಲಿದ್ದವು, ಆದರೆ ಕುಣಿತ ಇರಲಿಲ್ಲ. ಹರೆಯದಲ್ಲೇ ಸುತ್ತಿನಿಂದ ಕಳಚಿ ತಾಳ ಹಿಡಿದು ಕೂತವನು ನಾನು. ನಮ್ಮಲ್ಲಿ ಒಂದು ಕಟ್ಟಳೆಯಿತ್ತು: ಒಮ್ಮೆ ತಾಳ ಹಿಡಿದು ಕೂತವನು ಮತ್ತೆ ಗೆಜ್ಜೆ ಕಟ್ಟುವಂತಿಲ್ಲ. ನಮ್ಮ ಮನೆಯ ಪಾಲಿನ ಕುಣಿತವೆಲ್ಲ ನನ್ನ ತಮ್ಮ ಶಿವಾನಂದನಿಗೆ ಬಂದಿತ್ತು. ಕಾಕಾನ ನಂತರ ಮುಂದಿನ ಹೆಜ್ಜೆ ಅವನದೇ ಎಂದು ಊರು ಅಂದುಕೊಂಡಿತ್ತು. ಆದರೆ ಆ ವರ್ಷ ಅವನ ಎಡ ಮೊಣಕಾಲು ಬಾತುಕೊಳ್ಳತೊಡಗಿತ್ತು. ರಾತ್ರಿ ಅರಿವೆ ಸುತ್ತಿಕೊಂಡು ಮಲಗುತ್ತಿದ್ದ. ಕೇಳಿದರೆ, ಎತ್ತು ಒದೆಯಿತು ಎನ್ನುತ್ತಿದ್ದ.

ವಸುಧಾ ಅವರು ನಮ್ಮ ಊರಿಗೆ ಯಾರೂ ಕರೆದು ಬಂದವರಲ್ಲ. ಅವರ ಅಕ್ಕ ಸಂಶಿಯ ಹೈಸ್ಕೂಲಿನಲ್ಲಿ ಶಿಕ್ಷಕಿ. ಇವರು ಚಿಕ್ಕಂದಿನಿಂದ ನೃತ್ಯ ಕಲಿತು, ರಂಗದ ಮೇಲೆ ಹೆಸರು ಮಾಡಿ, ಸೊಂಟದ ನೋವಿನಿಂದ ಎರಡು ವರ್ಷ ಹಾಸಿಗೆ ಹಿಡಿದು, ಆಮೇಲೆ ಕುಣಿತವನ್ನೇ ಬೇರೆ ಬಗೆಯಲ್ಲಿ ಮೊದಲಿನಿಂದ ಹುಡುಕಲು ಹೊರಟವರು. ಅಕ್ಕನ ಮನೆಗೆ ಬಂದಿದ್ದಾಗ ನಮ್ಮ ಮೇಳದ ಸುದ್ದಿ ಕೇಳಿ, ಛತ್ರಿ ಹಿಡಿದು, ಚಪ್ಪಲಿಗೆ ಎರಿಮಣ್ಣು ಮೆತ್ತಿಸಿಕೊಂಡು ನಮ್ಮ ಗಿರಣಿಗೆ ಬಂದರು. ಮಳೆಗಾಲದಲ್ಲಿ ಸಂಜೆ ಕರೆಂಟು ಹೋಗಿ ಗಿರಣಿ ನಿಂತ ಮೇಲೆ ಮೇಳದ ತಾಲೀಮು ಅಲ್ಲೇ ನಡೆಯುತ್ತಿತ್ತು. ಕೆಲವು ಸಂಜೆ ಅವರು ಜೋಳದ ಚೀಲದ ಮೇಲೆ ಸುಮ್ಮನೆ ಕೂತು ನೋಡಿದರು. ಆಮೇಲೆ ಒಂದು ದಿನ, ಗೆಜ್ಜೆ ಬಿಚ್ಚಿ ಕುಣಿಯಬಹುದೇ ಎಂದು ಕೇಳಿದರು.

“ಗೆಜ್ಜಿ ಬಿಚ್ಚಿದ್ರ ಹೆಜ್ಜಿ ಎಲ್ಲಿರತೈತ್ರಿ ಅಕ್ಕಾರ?” ಎಂದರು ಕಾಕಾ.

“ಅದನ್ನೇ ನೋಡೋಣ ಅಂತ.”

ಕಾಕಾ ನಕ್ಕು ಒಪ್ಪಿದರು. ಗೆಜ್ಜೆ ಬಿಚ್ಚಿದ ಮೇಳದ ಸದ್ದು ಶೇಂಗಾ ಚೀಲದ ಬಾಯಿ ಬಿಚ್ಚಿ ಸುರಿದಂತಿತ್ತು. ಒಂದಾಗಿ ಬೀಳುತ್ತಿವೆ ಎಂದು ನಾವು ನಂಬಿದ್ದ ಕಾಲುಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಅಷ್ಟು ವರ್ಷ ತಾಳ ಹಾಕಿದ ನನಗೂ ಅದು ಗೊತ್ತಿರಲಿಲ್ಲ. ಗೆಜ್ಜೆಯ ಸದ್ದು ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ಯಾರೂ ನಗಲಿಲ್ಲ. ವಸುಧಾ ಅವರೂ ತಪ್ಪು ಎನ್ನಲಿಲ್ಲ. ಎಲ್ಲರೂ ನೆಲದ ಮೇಲೆ ಅಂಗಾತ ಮಲಗಿ ಎಂದರು.

“ಮನ್ಯಾಗ ಹೆಂಡ್ತಿ ಮಲಗಾಕ ಬಿಡಂಗಿಲ್ಲ,” ಎಂದ ಇಮಾಮ. ಆತ ಮೌಲಾಸಾಬನ ಮರಿಮೊಮ್ಮಗ. ಮೇಳದಲ್ಲಿ ನಗಿಸುವ ಕೆಲಸ ಅವನದು. “ಇಲ್ಲೆರ ಮಲಗೂಣು.”

ಮಲಗಿದವರನ್ನು ಅವರು ಮೆಲ್ಲಗೆ ಕೇಳುತ್ತ ಹೋದರು. ಬೆನ್ನಿನ ಎಷ್ಟು ಭಾಗ ನೆಲಕ್ಕೆ ತಾಗಿದೆ? ಯಾವ ಭುಜ ಭಾರ? ಉಸಿರು ಎಲ್ಲಿಯವರೆಗೆ ಇಳಿಯುತ್ತಿದೆ? ಎಡಗಡೆಯ ಸೊಂಟ ಎಲ್ಲಿದೆ?

“ಮುಂಜಾನಿತನಾ ಇಲ್ಲೇ ಇತ್ರಿ,” ಎಂದ ಇಮಾಮ ತಡಕಾಡುತ್ತ.

ನಕ್ಕೆವು. ಆದರೆ ಹೊಲದಲ್ಲಿ ದುಡಿದು, ಚೀಲ ಹೊತ್ತು ಬಂದ ಆ ಗಂಡಸರನ್ನು ಅವರ ಮೈಯ ಬಗ್ಗೆ ಅಲ್ಲಿಯವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಜ್ವರ ಬಂದಾಗ ಡಾಕ್ಟರು ಕೇಳಿದ್ದಷ್ಟೇ. ಕೇಳಿದ್ದಕ್ಕೆ ಉತ್ತರ ಹುಡುಕುತ್ತ ಅವರ ಮುಖಗಳು ಬದಲಾಗುವುದನ್ನು ನಾನು ಕಂದೀಲಿನ ಬೆಳಕಿನಲ್ಲಿ ಕಂಡೆ. ಶಿವಾನಂದ ಕಣ್ಣು ಮುಚ್ಚಿಕೊಂಡು, ತನ್ನಷ್ಟಕ್ಕೆ, “ಎಡಗಡಿ ಹಿಡಕೊಂಡೈತಿ,” ಎಂದ. ವಸುಧಾ ಅವರು ಅವನ ಹತ್ತಿರ ಹೋಗಲಿಲ್ಲ, ಮುಟ್ಟಲಿಲ್ಲ. “ಹಿಡಿದುಕೊಂಡಿರಲಿ. ಯಾರು ಹಿಡಿದಿದ್ದಾರೆ ನೋಡಿ,” ಎಂದರು.

ಗುರು ತೋರಿಸಬೇಕು, ಶಿಷ್ಯ ನೋಡಿ ಮಾಡಬೇಕು ಎಂದು ನಾನು ಓದಿದ ಪುಸ್ತಕಗಳೆಲ್ಲ ಹೇಳಿದ್ದವು. ಇವರು ತೋರಿಸಲು ಒಪ್ಪುತ್ತಲೇ ಇರಲಿಲ್ಲ. ನೀವೊಮ್ಮೆ ಕುಣಿದು ತೋರಿಸಿರಿ ಎಂದು ಮೇಳದವರು ದುಂಬಾಲು ಬಿದ್ದಾಗ, “ನನ್ನ ಹೆಜ್ಜೆ ನನ್ನ ಸೊಂಟದ ಅಳತೆಗೆ ಹೊಲಿದದ್ದು. ನಿಮಗೆ ಬಿಗಿಯಾಗುತ್ತೆ,” ಎಂದರು. ಅವರ ಪಾಠವೆಲ್ಲ ಕೇಳುವುದು, ಕಾಯುವುದು. ಉತ್ತರ ಬಾಯಿಂದ ಬಂದರೆ ಅಷ್ಟಾಗಿ ಲಕ್ಷ್ಯ ಕೊಡುತ್ತಿರಲಿಲ್ಲ. ಮೈಯಿಂದ ಬಂದರೆ ಕಣ್ಣರಳಿಸಿ ನೋಡುತ್ತಿದ್ದರು.

ಆ ವರ್ಷ ಮೊಹರಮ್ಮೂ ಶ್ರಾವಣವೂ ಒಂದರೊಳಗೊಂದು ಬಂದಿದ್ದವು. ಮೊಹರಮ್ಮಿನ ಕಡೆಯ ದಿನ ಪಂಜಾಗಳ ಮುಂದೆ ಮೇಳ ಸುತ್ತುಗಟ್ಟಿದಾಗ, ಮೌಲಾಸಾಬನ ಹೆಜ್ಜೆಯ ನಡುವೆಯೇ ಶಿವಾನಂದನ ಕಾಲು ಮಡಚಿತು. ಬಿದ್ದವನು ಎದ್ದ. ಆದರೆ ಆಮೇಲೆ ಎಡಗಾಲನ್ನು ಎಳೆಯುವುದು ಬಿಟ್ಟು, ಹಿಮ್ಮಡಿ ಸಮೇತ ಪೂರ್ತಿ ಊರಿ ಸುತ್ತು ಮುಗಿಸಿದ. ಊರೆಲ್ಲ ನೋಡಿತು.

ಮರುದಿನ ಕಾಕಾ ಗಿರಣಿಗೆ ಬಂದರು. ಶಿವಾನಂದ ಬಾಗಿಲಲ್ಲಿ ನಿಂತಿದ್ದ.

“ಗುರುವಿನ ಹೆಜ್ಜಿ ಮುರದಿ, ತಮ್ಮಾ.”

“ಕಾಲು ಬ್ಯಾನಿ ಆಗೇತ್ರಿ ಕಾಕಾ. ಮಡಚಿದ್ರ ತಡಕೊಳ್ಳಾಕ ಆಗವಲ್ದು.”

“ಬ್ಯಾನಿ ಆಗೂದು ಮನಸು ಗಟ್ಟಿ ಇಲ್ಲದ್ದಕ್ಕ. ಶ್ರಾವಣದ ಕಡೀ ಸ್ವಾಮಾರಕ್ಕ ಗುರುವಿನ ಹೆಜ್ಜಿ ಇದ್ದಂಗ ಹಾಕತೀಯೋ, ನಿಮ್ಮಣ್ಣನ ಬಾಜೂಕ ತಾಳಾ ಹಿಡದು ಕುಂದರತೀಯೋ, ನೀನ ಹೇಳು.”

ಶಿವಾನಂದನಿಗೆ ಆಗ ಇಪ್ಪತ್ತಾರು. ತಾಳ ಹಿಡಿದು ಕೂತರೆ ಮತ್ತೆ ಏಳುವಂತಿಲ್ಲ. ಹೆಜ್ಜೆ ಎಳೆದರೆ, ನೇಗಿಲ ಹಿಂದೆ ನಡೆಯಬೇಕಾದ ಕಾಲು ಉಳಿಯುವಂತಿರಲಿಲ್ಲ. ಕಾಕಾನ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಅವರು ಕೆಟ್ಟವರಲ್ಲ, ನಂಬಿದ್ದನ್ನು ಹೇಳಿದರು.

ಅಂದು ಸಂಜೆ ವಸುಧಾ ಅವರು ಬಂದಾಗ ತಾಲೀಮು ಮುಗಿದು ಜನ ಬೀಡಿ ಹಚ್ಚಲು ಹೊರಗೆ ಹೋಗಿದ್ದರು. ಎಂದಿನಂತೆ ನೆಲ ಗುಡಿಸಲು ಕಸಬರಿಗೆ ಎತ್ತಿಕೊಂಡ ನನ್ನನ್ನು ಅವರು ತಡೆದರು. ಕಂದೀಲು ತೆಗೆದುಕೊಂಡು, ಸೊಂಟದ ಮೇಲೆ ಒಂದು ಕೈಯಿಟ್ಟು, ಕಷ್ಟಪಟ್ಟು ಮಂಡಿಯೂರಿದರು. ಹಿಟ್ಟಿನ ದೂಳಿನಲ್ಲಿ ಹೆಜ್ಜೆಗುರುತುಗಳು ಅಚ್ಚೊತ್ತಿದಂತೆ ನಿಂತಿದ್ದವು. ಬಲಪಾದಗಳು ಒಂದೊಂದೂ ಒಂದೊಂದು ತರಹ: ಅಗಲವಾದವು, ಸಪಾಟಾದವು, ಹೆಬ್ಬೆರಳು ಹೊರಳಿದವು. ಎಡಪಾದಗಳು ಮಾತ್ರ ಎಲ್ಲವೂ ಒಂದೇ. ಮುಂಗಾಲಿನ ಗುರುತು, ಅದರ ಹಿಂದೆ ಎಳೆದ ಗೆರೆ; ಹಿಮ್ಮಡಿ ಇಲ್ಲವೇ ಇಲ್ಲ.

“ಈರಪ್ಪನವರೇ,” ಎಂದರು ಅವರು ನನ್ನ ಕಡೆ ತಿರುಗಿ, “ಇಷ್ಟು ಜನಕ್ಕೆ ಒಂದೇ ಎಡಗಾಲು ಇರೋಕೆ ಸಾಧ್ಯವಾ? ಇದು ಯಾರ ಕಾಲು?”

ನಾನು ಕಾಕಾನ ಎರಡು ವಿವರಣೆಗಳನ್ನೂ ಹೇಳಿದೆ. ಅವರು ಕೇಳಿಸಿಕೊಂಡು ಶಿವಾನಂದನನ್ನು ಕರೆದು ಹೆಗಲ ಮೇಲೆ ಅರ್ಧ ಚೀಲ ಜೋಳ ಹೊತ್ತು ನಡೆಯಲು ಹೇಳಿದರು. ನಡೆದ. ದೂಳಿನಲ್ಲಿ ಎಡ ಹಿಮ್ಮಡಿ ಪೂರ್ತಿಯಾಗಿ ಮೂಡಿತು.

“ಭಾರ ಹೊತ್ತಾಗ ಇವನ ಮೈಗೆ ಹೇಗೆ ನಡೀಬೇಕು ಅಂತ ಗೊತ್ತು. ಕುಣಿಯುವಾಗ ಬೇರೆಯವರ ಕಾಲು ಹಾಕಿಕೊಳ್ತಾನೆ. ಆ ಬೇರೆಯವರಿಗೆ ಹಿಮ್ಮಡಿ ಊರೋಕೆ ಯಾಕೆ ಆಗ್ತಿರಲಿಲ್ಲ?”

ಅಷ್ಟು ವರ್ಷ ಕಾಕಾನ ವಿವರಣೆಯನ್ನು ಅನುಮಾನಿಸಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನಾನು ಮಾತನ್ನು ಮಾತಿನಿಂದ ಸೋಲಿಸಲು ಹೊರಟಿದ್ದೆ. ಅವರು ನೆಲ ನೋಡಿದರು.

ಮೌಲಾಸಾಬನ ಮಗಳು ಮಾಬೂಬಿ ಇನ್ನೂ ಇದ್ದಳು. ಎಂಬತ್ತರ ಹತ್ತಿರದ ಮುದುಕಿ. ಕಣ್ಣು ಮಂಜಾಗಿತ್ತು, ಬಾಯಿ ಮಾತ್ರ ಚುರುಕು. ಮರುದಿನ ನಾವಿಬ್ಬರೂ ಹೋದಾಗ ಅಂಗಳದಲ್ಲಿ ಹೆಸರುಕಾಯಿ ಬಿಡಿಸುತ್ತ ಕೂತಿದ್ದಳು.

“ಯಾರಪಾ ಇಕಿ?”

“ಸಂಶಿ ಸಾಲಿ ಅಕ್ಕಾರ ತಂಗಿ, ಆಯಿ. ಕುಣೀತಾರ.”

“ಹೆಣಮಗಳು ಕುಣೀತಾಳ? ಚಲೋ ಆತು. ಈ ಗಣಮಕ್ಕಳು ಕುಣದು ಊರಾಗ ಬರೇ ದೂಳ ಎಬ್ಬಿಸ್ಯಾರ.”

ನಾನು ಕೇಳಬೇಕೆಂದಿದ್ದುದು, ಆಯಿ, ನಿಮ್ಮಪ್ಪನ ಕಾಲಿಗೆ ಏನಾಗಿತ್ತು ಎಂದು. ವಸುಧಾ ಅವರು ಕಣ್ಸನ್ನೆಯಿಂದ ತಡೆದರು. ಬೇರೆಯೇ ಒಂದನ್ನು ಕೇಳಿದರು. “ಅಜ್ಜಿ, ನಿಮ್ಮಪ್ಪ ಹೊಲದಿಂದ ಮನೆಗೆ ಹೇಗೆ ನಡೆದು ಬರ್ತಿದ್ದರು? ತೋರಿಸ್ತೀರಾ?”

ಮುದುಕಿ ಮಡಿಲ ಹೆಸರುಕಾಯಿ ಕೊಡವಿ ಎದ್ದಳು. ಸೆರಗು ಸಿಕ್ಕಿಸಿ, ಬಾಗಿಲಿನಿಂದ ಅಂಗಳದ ತುದಿಗೆ, ತುದಿಯಿಂದ ಬಾಗಿಲಿಗೆ ನಡೆದಳು. ಬಲಸೊಂಟ ಹೊರಕ್ಕೆ ಚಾಚಿ ಮೈಭಾರವೆಲ್ಲ ಅದರ ಮೇಲೆ ಹೋಯಿತು. ಹಗುರಾದ ಎಡಗಾಲು ಹಿಮ್ಮಡಿ ಎತ್ತಿಕೊಂಡೇ ಸರ್ರನೆ ಹಿಂದೆ ಬಂತು. ಅದು ಮೌಲಾಸಾಬನ ಹೆಜ್ಜೆಯೇ. ನಡೆಯುತ್ತ ನಡೆಯುತ್ತ ಮುದುಕಿಗೆ ಮಿಕ್ಕದ್ದು ತಾನಾಗಿ ನೆನಪಾಯಿತು.

“ಚಕ್ಕಡಿ ಗಾಲಿ ಹಾಯ್ದಿತ್ತು ಹಿಂಬಡದ ಮ್ಯಾಲೆ. ನಾ ಸಣ್ಣಾಕಿ. ಅಪ್ಪಗ ಹಿಂಬಡಾ ಊರಾಕ ಆಗತಿದ್ದಿಲ್ಲ. ರಾತ್ರಿ ನಾನ ಎಣ್ಣಿ ಹಚ್ಚತಿದ್ದೆ. ಮುಂದ ಎಷ್ಟೋ ವರ್ಸಕ್ಕ ಮ್ಯಾಳ ಕಲ್ಯಾಕ ಸಣ್ಣ ಹುಡುಗ್ರು ಬರತಿದ್ರು, ಈ ಬಸಲಿಂಗನೂ ಬರತಿದ್ದ, ಮೂಗಿನ್ಯಾಗ ಸಿಂಬಳ ಇಳಸಗೋತ.”

ಹೊರಗೆ ಬಂದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಡೆಗೂ ಸಾಕ್ಷಿ ಸಿಕ್ಕಿತ್ತು. ಅಂದೇ ಮೇಳದ ಎದುರು ಕಾಕಾನ ದುಃಖವನ್ನೂ ವಿನಯವನ್ನೂ ಒಟ್ಟಿಗೆ ಗಾಳಿಗೆ ತೂರಬೇಕೆಂದು ಹೇಳಿದೆ.

“ನಿಮಗೆ ಕಾಕಾನನ್ನು ಸೋಲಿಸಬೇಕಾ, ತಮ್ಮನನ್ನು ಕುಣಿಸಬೇಕಾ?” ಎಂದರು ವಸುಧಾ. “ಎರಡೂ ಒಟ್ಟಿಗೆ ಆಗೋಲ್ಲ. ಸೋತವರು ಯಾರ ಕಾಲನ್ನೂ ನೋಡೋಲ್ಲ.”

ವಾದದಲ್ಲಿ ನಾನು ಸುಲಭವಾಗಿ ಬಿಟ್ಟುಕೊಡುವವನಲ್ಲ. ಅಂದು ಬಿಟ್ಟೆ.

ಅವರು ಮಾಡಿದ್ದು ಇಷ್ಟೇ. ಮಾಬೂಬಿಯನ್ನು ಇಮಾಮನ ಕೈ ಹಿಡಿಸಿ ಗಿರಣಿಗೆ ಕರೆತಂದರು. ಯಾವ ಪೀಠಿಕೆಯೂ ಇಲ್ಲದೆ, ಮೇಳದವರ ಎದುರು, ಅಪ್ಪನ ನಡಿಗೆಯನ್ನು ಇನ್ನೊಮ್ಮೆ ನಡೆಯಲು ಕೇಳಿದರು. ಮುದುಕಿ ದೂಳಿನಲ್ಲಿ ನಡೆದಳು. ಕಾಕಾ ಮೊದಲು ಕಾಲು ನೋಡಿದರು. ಆಮೇಲೆ, ನನಗೆ ಚೆನ್ನಾಗಿ ನೆನಪಿದೆ, ಅವರ ಕಣ್ಣು ಮೆಲ್ಲಗೆ ಮೇಲೇರಿ ಮುದುಕಿಯ ಬಲಸೊಂಟದ ಮೇಲೆ ನಿಂತಿತು.

“ಇದೇನ ಬೇ ಆಯಿ, ಸ್ವಾಂಟ?” ಎಂದರು.

“ಹಿಂಬಡಾ ಜಜ್ಜಿದ್ರ ಅಪ್ಪ ಮತ್ತ ಭಾರ ಎಲ್ಲಿ ಹಾಕಬೇಕು? ನಿನ್ನ ತಲಿಮ್ಯಾಲೇನು?” ಎಂದಳು ಮಾಬೂಬಿ. ಆಮೇಲೆ ಗಾಲಿಯ ಕತೆ ಹೇಳಿದಳು.

ಕಾಕಾ ಚೀಲದ ಮೇಲೆ ಕೂತರು. ಕೂರುವಾಗ ಅವರು ಎಡ ಮೊಣಕಾಲನ್ನು ಕೈಯಿಂದ ಹಿಡಿದು ಇಳಿಸಿದ್ದನ್ನು ಎಲ್ಲರೂ ಕಂಡರು.

“ನಂದೂ ಬ್ಯಾನಿ ಮಾಡತೈತಿ,” ಎಂದರು. “ಮದಲಿಂದ.” ಮೊಣಕಾಲು ನೀವುತ್ತ, “ಹಂಗಾರ ಇಷ್ಟ ವರ್ಸ ನಾವು ಗುರುವಿನ ಗಾಯಾ ಕುಣದಂಗಾತು. ಎಲ್ಲಾ ಸುಳ್ಳ ಆತು,” ಎಂದರು.

“ಸುಳ್ಳಲ್ಲ ಬಸಲಿಂಗಪ್ಪನವರೇ,” ಎಂದರು ವಸುಧಾ. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಬೇರೆಂದೂ ಕೇಳಲಿಲ್ಲ. “ಹಿಮ್ಮಡಿ ಜಜ್ಜಿಹೋದ ಮನುಷ್ಯ ಮನೇಲಿ ಕೂರಲಿಲ್ಲ. ಭಾರನ ಸೊಂಟಕ್ಕೆ ತಗೊಂಡು ಕುಣಿಯೋ ದಾರಿ ಹುಡುಕಿದರು. ನೀವೆಲ್ಲ ಅವರ ಕಾಲು ನೋಡಿ ಕಲಿತಿರಿ, ಸೊಂಟ ನೋಡಲಿಲ್ಲ. ಚಿಕ್ಕ ಹುಡುಗರು, ನೆಲ ನೋಡ್ತಾ ಕುಣಿದಿರಿ. ನಾನೂ ನನ್ನ ಗುರುಗಳನ್ನ ಹಾಗೇ ನೋಡಿ ಕಲಿತವಳು. ಅದಕ್ಕೇ ಈ ಸೊಂಟ ಹೀಗಾಯ್ತು.”

ಅವರು ತಮ್ಮ ಬಗ್ಗೆ ಆಡಿದ ಮಾತು ಅದೊಂದೇ. ಹೆಜ್ಜೆ ಬಿಡಿ ಎಂದೂ ಹೇಳಲಿಲ್ಲ, ಇಟ್ಟುಕೊಳ್ಳಿ ಎಂದೂ ಹೇಳಲಿಲ್ಲ. ಛತ್ರಿ ಎತ್ತಿಕೊಂಡು, “ಹೋಗೂಣು ಅಜ್ಜಿ,” ಎಂದು ನಮ್ಮ ಕಡೆಯ ಮಾತಿನಲ್ಲೇ ಕರೆದು, ಮುದುಕಿಯನ್ನು ಮನೆಗೆ ಕರೆದೊಯ್ದರು.

ಮುಂದಿನ ದಿನಗಳಲ್ಲಿ ಕಾಕಾ ತಾಲೀಮಿಗೆ ಬರಲಿಲ್ಲ. ಸಿಟ್ಟಾಗಿದ್ದಾರೆಂದು ನಾವು ಭಾವಿಸಿದೆವು. ಶಿವಾನಂದ, ಕಡೆಯ ಸೋಮವಾರ ತಾನಾಗಿ ತಾಳ ಹಿಡಿದು ಕೂರುತ್ತೇನೆ, ಹಿರಿಯರನ್ನು ನೋಯಿಸಿ ಕುಣಿಯಲಾರೆ ಎಂದ. ಇಮಾಮನೇ ಸುದ್ದಿ ತಂದದ್ದು: ಕಾಕಾ ದಿನಾ ಮುಂಜಾನೆ ಮಾಬೂಬಿಯ ಅಂಗಳಕ್ಕೆ ಹೋಗುತ್ತಿದ್ದಾರೆ. ಮುದುಕಿ ಮುಂದೆ, ಇವರು ಹಿಂದೆ. “ಹಂಗಲ್ಲೋ ಬಸ್ಯಾ, ಸ್ವಾಂಟಾ ಬಿಡು,” ಎಂದು ಆಕೆ ಬೈಯುತ್ತಾಳೆ, ಇವರು “ಹೌದ ಬೇ, ಹೌದ ಬೇ” ಎನ್ನುತ್ತಾರೆ.

ಶ್ರಾವಣದ ಕಡೆಯ ಸೋಮವಾರ ಮಳೆ ನಿಂತು ಹೊರಪಾಗಿತ್ತು. ಮಠದ ಕಲ್ಲುಹಾಸಿನ ಅಂಗಳದಲ್ಲಿ ಜನ ಕೂಡಿದರು. ಶಿವಾನಂದ ಗೆಜ್ಜೆ ಕಟ್ಟದೆ ಬಂದು ನನ್ನ ಬಾಜೂಕ ಕೂತು ತಾಳಕ್ಕೆ ಕೈ ಚಾಚಿದ. ಆಗ ಕಾಕಾ ಅಂಗಳದ ನಡುವಿನಿಂದ ಹೇಳಿದರು.

“ಏ ಶಿವಾ, ಅಲ್ಲೇನ ಹುಡಕತೀ? ಮುಂದ ಬಾ. ನಿನ್ನ ಕಾಲು ನೀ ತಗೊಂಡ ಬಾ. ಮದಲನೇ ಸುತ್ತು ಯಾರೂ ಗೆಜ್ಜಿ ಕಟ್ಟೂದು ಬ್ಯಾಡ, ಎಲ್ಲಾರೂ ತಮ್ಮ ತಮ್ಮ ಕಾಲು ಹಾಕ್ರಿ.”

ಶಿವಾನಂದ ಎದ್ದ. ಸುತ್ತು ಶುರುವಾಯಿತು. ಮೇಳದವರೆಲ್ಲ ಎಡಗಾಲನ್ನು ಹಿಮ್ಮಡಿ ಸಮೇತ ಊರಿದರು, ಒಬ್ಬೊಬ್ಬರೂ ತಮ್ಮ ತಮ್ಮ ಮೈಯ ಅಳತೆಗೆ. ಗೆಜ್ಜೆ ಇಲ್ಲದೆಯೂ ಕಾಲುಗಳು ಒಂದಾಗಿ ಬಿದ್ದವು. ಕಾಕಾ ಮಾತ್ರ ಎಳೆದರು. ಬಲಸೊಂಟ ಚಾಚಿ, ಭಾರ ಇಳಿಸಿ, ಎಡಗಾಲನ್ನು ಹಗುರಾಗಿ ಎಳೆದು ತಂದರು. ಅವರ ಮುಖದಲ್ಲಿ ನೋವಿರಲಿಲ್ಲ.

ಶಿವಾನಂದನ ಮೊಣಕಾಲು ಆಮೇಲೆ ಇಳಿಯಿತು. ಹೆಜ್ಜೆ ಬದಲಾದದ್ದರಿಂದಲೋ, ಆ ಹಂಗಾಮಿನಲ್ಲಿ ನಾನು ಅವನಿಗೆ ನೇಗಿಲು ಮುಟ್ಟಲು ಬಿಡದಿದ್ದರಿಂದಲೋ, ಗೊತ್ತಿಲ್ಲದ್ದನ್ನು ಹೇಳಲಾರೆ. ವಸುಧಾ ಅವರು ದೀಪಾವಳಿಗೆ ಮೊದಲೇ ತಮ್ಮ ಊರಿಗೆ ಹೋದರು. ಸೊಂಟ ಆಗಲೂ ನೋಯುತ್ತಿತ್ತು. ಆದರೆ ಆ ಸೋಮವಾರ ಅವರು ಅಲ್ಲಿ, ಹೆಂಗಸರ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ನಮ್ಮ ಮೇಳದ ಕಡೆ ನೋಡದೆ ಕಣ್ಣು ಮುಚ್ಚಿಕೊಂಡಿದ್ದರು.

ಮಾಬೂಬಿ ನನ್ನ ಪಕ್ಕದಲ್ಲೇ ಕಂಬಳಿ ಹಾಸಿಕೊಂಡು ಕೂತಿದ್ದಳು. ಸುತ್ತು ಅರ್ಧ ಮುಗಿದಾಗ ಅವಳ ಒಣಗಿದ ಕೈ ಬಂದು ನನ್ನ ಮುಂಗೈ ಹಿಡಿಯಿತು.

“ತಾಳಾ ನಿಂದರಸು ಈರಪ್ಪಾ.”

ನಿಲ್ಲಿಸಿದೆ. ಪೂರ್ತಿ ಊರಿದ ಕಾಲುಗಳು ಕಲ್ಲಿನ ಮೇಲೆ ಬಿದ್ದವು, ಮತ್ತೆ ಬಿದ್ದವು. ಅವುಗಳ ನಡುವಿನ ಬಿಡುವಿನಲ್ಲಿ, ಅಷ್ಟು ವರ್ಷ ಎಲ್ಲರೂ ಎಳೆಯುವಾಗ ಯಾರಿಗೂ ಬೇರೆಯಾಗಿ ಕೇಳದಿದ್ದ ಸದ್ದೊಂದು, ಒಂಟಿಯಾಗಿ, ಸರ್ರನೆ ಬಂತು.

“ಅಪ್ಪಾ ಹೊಲದಿಂದ ಬಂದ ನೋಡು,” ಎಂದಳು ಮಾಬೂಬಿ.

ಸುತ್ತು ಮುಗಿಯುವವರೆಗೂ ನಾನು ತಾಳಗಳನ್ನು ಒಂದಕ್ಕೊಂದು ತಾಗದಂತೆ ಹಿಡಿದುಕೊಂಡಿದ್ದೆ.